ಕಟ್ಟಡಕ್ಕೆ ಕಾಯುವ ಕೂಸು

ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನ ಪ್ರತಿವರ್ಷವೂ ನೀಲಿ ದೀಪ, ನೀಲಿ ರಿಬ್ಬನ್ನು ಮತ್ತು ಭಾಷಣಗಳಲ್ಲಿ ವಾಡಿಕೆಯಂತೆ ಮುಗಿದುಹೋಗುತ್ತದೆ. ಹಳ್ಳಿಯ ತಾಯಂದಿರಲ್ಲಿ ಅರಿವಿಲ್ಲವೆಂಬುದು ಇಂಥ ವೇದಿಕೆಗಳ ಕಾಯಂ ದೂರಾಗಿದ್ದರೂ, ಹೆಸರು ಹಿಡಿದು ಕರೆದರೆ ಕೂಸು ತಿರುಗುತ್ತಿಲ್ಲ, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತಿಲ್ಲ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ತಾಯಿಗೇ. "ಅವರಪ್ಪನೂ ತಡಾನ ಮಾತಾಡಿದ್ದ, ಗಂಡ್ಹುಡುಗ್ರಿಗೆ ಮಾತು ತಡಾನ ಬರ್ತಾವು" ಎಂದು ಆಕೆಯ ಬಾಯಿ ಮುಚ್ಚಿಸುವವರು ಹಿರಿಯರು. ಕೆಲವೊಮ್ಮೆ ವೈದ್ಯರೂ ಅದಕ್ಕೆ ದನಿಗೂಡಿಸುತ್ತಾರೆ.

ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಯಲ್ಲಿ ಹುಟ್ಟಿನಿಂದಲೇ ಇರುವ ಭಿನ್ನತೆ. ಅದು ಮಾತು, ಒಡನಾಟ ಹಾಗೂ ವರ್ತನೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಿದುಳು ವೇಗವಾಗಿ ಬೆಳೆಯುವ ಮೊದಲ ವರ್ಷಗಳಲ್ಲೇ ಆಟದ ಮೂಲಕ ಸಂವಹನವನ್ನು ರೂಢಿಸುವ ಕ್ರಮಕ್ಕೆ ಶೀಘ್ರ ಮಧ್ಯಪ್ರವೇಶ ಎನ್ನುತ್ತಾರೆ. ಅದು ಗುಳಿಗೆಯಲ್ಲ, ಶಸ್ತ್ರಚಿಕಿತ್ಸೆಯೂ ಅಲ್ಲ. ದಿನವೂ ಮಗುವಿನೊಡನೆ ಮಾಡಬೇಕಾದ ಕೆಲಸ.

ಕಾಗದದ ಮೇಲೆ ಯಾವ ಕೊರತೆಯೂ ಇಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಆಟಿಸಂ ಇದೆ, ಅದರ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬರಬೇಕೆಂಬ ನಿಯಮವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದಾಗಿದೆ. ಅಂಗವಿಕಲ ಮಕ್ಕಳಿಗಾಗಿಯೇ ಅಂಗನವಾಡಿಗಳು ಅನುಸರಿಸಬೇಕಾದ ಕ್ರಮವನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಹೊರಡಿಸಿದೆ. ಇಷ್ಟಾದರೂ ಮಗುವಿನ ತೂಕ, ಎತ್ತರಗಳನ್ನು ಮೊಬೈಲಿಗೆ ತುಂಬುವುದರಲ್ಲಿರುವ ಆಸ್ಥೆ, ಆ ಮಗು ಕಣ್ಣಿಗೆ ಕಣ್ಣು ಕೂಡಿಸುತ್ತಿದೆಯೇ ಎಂದು ನೋಡುವುದರಲ್ಲಿ ಇಲ್ಲ.

ನೆರವು ಮಗುವಿದ್ದಲ್ಲಿಗೆ ಬಾರದಿರುವುದರ ಬೇರು ಧಾರವಾಡದ ಮಟ್ಟಿಗೆ ಹಳೆಯದು. 1845ರಲ್ಲಿ ಇಲ್ಲಿ ಮಾನಸಿಕ ರೋಗಿಗಳಿಗಾಗಿ ಆಸ್ಪತ್ರೆ ತೆರೆದ ಆಡಳಿತಕ್ಕೆ, ರೋಗಿಯನ್ನು ಊರಿನಿಂದ ತಂದು ಗೋಡೆಗಳ ನಡುವೆ ಇರಿಸುವುದೇ ಆರೈಕೆ ಎನಿಸಿತ್ತು. ಆ ಆಸ್ಪತ್ರೆಯೇ ಬೆಳೆದು ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಆಗಿದೆ, ಗೋಡೆಗಳ ಉದ್ದೇಶವೂ ಬದಲಾಗಿದೆ. ಆದರೆ ನೆರವು ಬೇಕಾದವರೇ ಕಟ್ಟಡಕ್ಕೆ ಬರಬೇಕೆಂಬ ಸರ್ಕಾರಿ ನಂಬಿಕೆ ಮಾತ್ರ ಬದಲಾಗಿಲ್ಲ. ಶೀಘ್ರ ಮಧ್ಯಪ್ರವೇಶ ಕೇಂದ್ರವೂ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಇರುವುದು ಜಿಲ್ಲಾ ಮಟ್ಟದಲ್ಲೇ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಸಿಗುವ ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ಟು ತಾಯಿಯನ್ನು ಕಲಘಟಗಿಯಿಂದ ಧಾರವಾಡಕ್ಕೆ ಮುಟ್ಟಿಸಬಹುದು, ಕಳೆದುಹೋದ ಆ ದಿನದ ಕೂಲಿಯನ್ನು ತುಂಬಿಕೊಡಲಾರದು. ಗದ್ದಲಕ್ಕೆ ಬೆದರುವ ಮಗುವಿನೊಡನೆ ಕಿಕ್ಕಿರಿದ ಬಸ್ಸಿನಲ್ಲಿ ವಾರವಾರವೂ ಹೋಗಿಬರುವುದಂತೂ ಆಗದ ಮಾತು.

ಬೇರೆ ದಾರಿ ಇದೆಯೆಂಬುದಕ್ಕೆ ಪಕ್ಕದ ಗೋವಾ ಸಾಕ್ಷಿ. ಅಲ್ಲಿನ ಸಂಗಾತ್ ಸಂಸ್ಥೆಯೂ ಪಾಕಿಸ್ತಾನದ ರಾವಲ್ಪಿಂಡಿಯ ತಂಡವೂ ಸೇರಿ 65 ಮಕ್ಕಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಜ್ಞರಲ್ಲದ ಆದರೆ ತರಬೇತಿ ಪಡೆದ ಕಾರ್ಯಕರ್ತರು ಆರು ತಿಂಗಳಲ್ಲಿ 12 ಬಾರಿ ಪಾಲಕರೊಡನೆ ಕೂತರು. ಪಾಲಕರು ಮಗುವಿನೊಡನೆ ಆಡುವುದನ್ನು ಚಿತ್ರೀಕರಿಸಿ, ಅವರಿಗೇ ತೋರಿಸಿ, ಮಗುವಿನ ಸಣ್ಣ ಸನ್ನೆಗೂ ಹೇಗೆ ಮರುನುಡಿಯಬೇಕೆಂದು ಕಲಿಸಿದರು. ಮಕ್ಕಳು ತಾವಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಎಲ್ಲ ಅಳತೆಗಳಲ್ಲೂ ಫಲ ಸಿಗಲಿಲ್ಲವೆಂಬುದು ನಿಜವೇ ಆದರೂ, ತಜ್ಞರು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲವೆಂಬುದು ಅದರಿಂದ ಸ್ಪಷ್ಟವಾಯಿತು.

ಊರೂರಿನಲ್ಲಿರುವ ಅಂಗನವಾಡಿ ಕಾರ್ಯಕರ್ತೆಯನ್ನೂ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೂ ಈ ಕೆಲಸಕ್ಕೆ ತರಬೇತುಗೊಳಿಸಿ, ಬದಲಿಗೆ ಅವರ ದಾಖಲೆ ತುಂಬುವ ಹೊರೆ ಇಳಿಸಿ, ತಕ್ಕ ಗೌರವಧನ ಕೊಡಲು ಹೊಸ ಕಟ್ಟಡವೇನೂ ಬೇಕಿಲ್ಲ. ಕಟ್ಟಡದ ಗೋಡೆಗೆ ಉದ್ಘಾಟನೆಯ ಕಲ್ಲು ಕೂರಿಸಬಹುದು. ತರಬೇತಿ ಪಡೆದ ಕಾರ್ಯಕರ್ತೆಯ ಬೆನ್ನಿಗೆ ಶಾಸಕರ ಹೆಸರು ಕೆತ್ತಿಸಲು ಬರುವುದಿಲ್ಲವೆಂಬುದೇ ಆಕೆಯಲ್ಲಿರುವ ಏಕೈಕ ನ್ಯೂನತೆಯಾಗಿರಬೇಕು.