ಹೂತಿಟ್ಟರೆ ಹೊಣೆ ಮುಗಿಯುವುದೇ?

ಅಣುತ್ಯಾಜ್ಯವನ್ನು ಭೂಗರ್ಭದಲ್ಲಿ ಹೂತರೆ ಅಪಾಯ ಕೊನೆಗೊಂಡಿತೆಂದು ನಂಬುವವರು ಜರ್ಮನಿಯ ಆಸ್ಸೆಯತ್ತ ಒಮ್ಮೆ ನೋಡಬೇಕು. ಅಲ್ಲಿನ ಹಳೆಯ ಉಪ್ಪಿನ ಗಣಿಯಲ್ಲಿ 1967ರಿಂದ 1978ರ ವರೆಗೆ ಸುಮಾರು 1,26,000 ಪೀಪಾಯಿ ತ್ಯಾಜ್ಯವನ್ನು ತುಂಬಲಾಯಿತು. ಉಪ್ಪಿನ ಪದರ ನೀರನ್ನು ಒಳಬಿಡದೆಂಬುದು ಅಂದಿನ ಭರವಸೆ. 1988ರಲ್ಲಿ ನೀರು ಜಿನುಗುವುದು ಕಂಡುಬಂತು. ಮುಂದೆ ಅದು ದಿನಕ್ಕೆ ಸುಮಾರು 12,000 ಲೀಟರಿಗೇರಿತು. ಹೂತದ್ದನ್ನು ಹೊರತೆಗೆಯಲು 2013ರಲ್ಲಿ ಕಾನೂನು ರೂಪಿಸಬೇಕಾಯಿತು. ಆ ಕೆಲಸ ಇನ್ನೂ ಆರಂಭವಾಗಿಲ್ಲ.

ಹಾಗೆಂದು ಹೂಳುವುದೇ ತಪ್ಪಲ್ಲ. ಫಿನ್ಲೆಂಡ್ 1983ರಲ್ಲೇ ಸ್ಥಳಶೋಧ ಆರಂಭಿಸಿತು. ಸ್ಥಳೀಯ ಆಡಳಿತದ ಒಪ್ಪಿಗೆ ಪಡೆಯಿತು. ಬಳಿಕವೇ ಒಲ್ಕಿಲುಒಟೊದ ಗಟ್ಟಿ ಶಿಲೆಯಲ್ಲಿ 400 ಮೀಟರಿಗೂ ಹೆಚ್ಚು ಆಳಕ್ಕೆ ಸುರಂಗ ಕೊರೆಯಿತು. ತಾಮ್ರದ ಕವಚ, ಅದರ ಸುತ್ತ ಜೇಡಿಮಣ್ಣು, ಹೊರಗೆ ಬಂಡೆ: ಒಂದು ಸೋತರೆ ಇನ್ನೊಂದು ಕಾಯಬೇಕೆಂಬುದು ಅಲ್ಲಿನ ಲೆಕ್ಕಾಚಾರ.

ನಮ್ಮಲ್ಲಿ ನಡೆದದ್ದೇನು? 2012ರಲ್ಲಿ ಕೂಡಂಕುಳಂ ತ್ಯಾಜ್ಯದ ವಿಚಾರಣೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಕೋಲಾರದ ಮುಚ್ಚಿದ ಚಿನ್ನದ ಗಣಿಯ ಹೆಸರು ಕೇಳಿಬಂತು. ಜನ ಬೀದಿಗಿಳಿದ ಮೇಲೆ ಸರಕಾರ ಅಂಥ ಯೋಜನೆಯಿಲ್ಲವೆಂದಿತು. ಜನರನ್ನು ಮೊದಲೇ ವಿಶ್ವಾಸಕ್ಕೆ ತೆಗೆದುಕೊಳ್ಳಲು ಅಡ್ಡಿಯೇನಿತ್ತು? ಪಾಳುಗಣಿ ಖಾಲಿಯಿದೆ ಎಂಬುದು ಅದು ಸುರಕ್ಷಿತವೆಂಬುದಕ್ಕೆ ಪುರಾವೆಯಲ್ಲ. ಆಸ್ಸೆ ಕಲಿಸಿದ ಪಾಠವೇ ಅದು.

ಪ್ಲುಟೋನಿಯಂ ಅರ್ಧಕ್ಕಿಳಿಯಲು ಸುಮಾರು 24,000 ವರ್ಷಗಳು ಬೇಕು. ಅಷ್ಟು ಕಾಲ ಯಾವ ಸರಕಾರವೂ ಉಳಿಯದು. ಆದ್ದರಿಂದ ಭದ್ರತೆಯು ಬಂಡೆಯಲ್ಲಿರಬೇಕೇ ಹೊರತು ಆಳುವವರ ಮಾತಿನಲ್ಲಲ್ಲ. ಇಂದು ದೀಪ ಉರಿಸಿದವರ ಬಾಕಿಯನ್ನು ಇನ್ನೂ ಹುಟ್ಟದ ಮಕ್ಕಳ ಮೇಲೆ ಹೊರಿಸುವುದು ನ್ಯಾಯವೇ?