ನಾಗವಲ್ಲಿಯ ಮರುಪ್ರವೇಶ: ಅಭಿಮಾನಿಗಳು ಇಬ್ಭಾಗವಾದುದೇಕೆ?

ಫಾಸಿಲ್ ನಿರ್ದೇಶನದ "ಮಣಿಚಿತ್ರತ್ತಾಳ್" ಎಂಬ ಮಲೆಯಾಳ ಚಿತ್ರವು 2024ರ ಆಗಸ್ಟ್ 17ರಂದು ಹೊಸ ಮೆರುಗು ಪಡೆದು ಮತ್ತೆ ತೆರೆಗೆ ಬಂತು. 1993ರ ಕ್ರಿಸ್ಮಸ್‌ಗೆ ಮೊದಲು ಬಿಡುಗಡೆಯಾಗಿದ್ದ ಚಿತ್ರವದು. ಅದಕ್ಕೆ ಹನ್ನೊಂದು ತಿಂಗಳ ಹಿಂದೆ ತಮಿಳಿನಲ್ಲಿ "ಚಂದ್ರಮುಖಿ 2" ಬಂದು ಹೋಗಿತ್ತು. ಎರಡೂವರೆ ತಿಂಗಳ ಬಳಿಕ, ನವೆಂಬರ್ 1ರಂದು, ಹಿಂದಿಯಲ್ಲಿ "ಭೂಲ್ ಭುಲೈಯಾ 3" ಬಂತು. ಮೂರರ ಬೇರೂ ಒಂದೇ. ಮಧು ಮುಟ್ಟಂ ಬರೆದ ಒಂದು ಕಥೆ, ಒಂದು ಹಳೆಯ ಮನೆ, ಬೀಗ ಹಾಕಿದ ಒಂದು ಕೋಣೆ, ಅದರೊಳಗೆ ಒಬ್ಬಳು ನರ್ತಕಿಯ ನೆನಪು.

ಮೂಲವನ್ನು ಮೆಚ್ಚಿದವರು ಮುಂದಿನ ಭಾಗಗಳನ್ನು ಮೆಚ್ಚಬೇಕೆಂದಿಲ್ಲ. ಆದರೆ ಈ ಕಥೆಯ ವಿಷಯದಲ್ಲಿ ಅಭಿಮಾನಿಗಳ ನಡುವೆ ನಡೆಯುತ್ತಿರುವ ಜಗಳವು ಬರಿಯ ರುಚಿಭೇದವಲ್ಲ. ಕನ್ನಡದಲ್ಲಿ ಈ ಜಗಳ 2010ರ ಫೆಬ್ರವರಿಯಲ್ಲಿ, "ಆಪ್ತರಕ್ಷಕ"ದೊಂದಿಗೆ ಆರಂಭವಾಯಿತು. ಇಂದಿಗೂ ಮುಗಿದಿಲ್ಲ. ಮೂಲವನ್ನು ಮಲೆಯಾಳದಲ್ಲಿ ನೋಡಿ, ಅದರ ಕನ್ನಡ ರೂಪವನ್ನು ಕನ್ನಡದಲ್ಲೇ ನೋಡಿ, ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಬಲ್ಲವರು ನಮ್ಮ ಗಡಿನಾಡಿನ ಮನೆಮನೆಗಳಲ್ಲಿ ಇದ್ದಾರೆ. ಬೆಂಗಳೂರಿನ ವಿಮರ್ಶಕರಿಗೂ ಕೊಚ್ಚಿಯ ವಿಮರ್ಶಕರಿಗೂ ಇಲ್ಲದ ಈ ಅನುಕೂಲ ನಮಗಿರುವುದರಿಂದ ವಿಷಯವನ್ನು ಸ್ವಲ್ಪ ಕೆದಕಿ ನೋಡುವುದು ಅನುಚಿತವಾಗದು.

ಮೊದಲ ಚಿತ್ರದ ತಿರುಳೇನು? ಗಂಗಾ ಎಂಬ ಹೆಣ್ಣುಮಗಳು ಗಂಡನ ತರವಾಡಿಗೆ ಬರುತ್ತಾಳೆ. ಎಳವೆಯಲ್ಲಿ ತಂದೆತಾಯಿಗಳನ್ನು ಬಿಟ್ಟು ಅಜ್ಜಿಯ ಬಳಿ ಬೆಳೆದವಳು, ಅಜ್ಜಿಕತೆಗಳನ್ನೇ ಉಂಡು ಬೆಳೆದವಳು. ಮುಚ್ಚಿದ ಕೋಣೆಯನ್ನು ತೆರೆಸುತ್ತಾಳೆ. ಅಲ್ಲಿಂದಾಚೆ ಮನೆಯಲ್ಲಿ ಒಂದೊಂದೇ ಅನಾಹುತ. ಮನೆಮಂದಿಯ ಸಂಶಯವೆಲ್ಲ ಬೇರೊಬ್ಬ ಹುಡುಗಿಯ ಮೇಲೆ ಹೋಗುತ್ತದೆ. ಅಮೆರಿಕದಿಂದ ಬಂದ ಮನೋವೈದ್ಯ ಮಾತ್ರ ಬೇರೆಯದನ್ನು ಕಾಣುತ್ತಾನೆ. ಇಲ್ಲಿ ಪ್ರೇತವಿಲ್ಲ, ಕಾಯಿಲೆಯಿದೆ. ಸತ್ತ ನರ್ತಕಿಯ ದುಃಖವನ್ನು ತನ್ನದೆಂದೇ ಭಾವಿಸಿದ ಒಂದು ಮನಸ್ಸು ಎರಡಾಗಿ ಒಡೆದಿದೆ. ದುರ್ಗಾಷ್ಟಮಿಯ ರಾತ್ರಿ ಅದೇ ವೈದ್ಯನು ಮಂತ್ರವಾದಿಯ ನೆರವು ಪಡೆದು, ತಿರುಗುವ ಹಲಗೆಯ ಮೇಲೆ ಗಂಡನ ಬದಲಿಗೆ ಬೊಂಬೆಯನ್ನಿಟ್ಟು, ರೋಗಿಯ ಸೇಡು ತೀರಿತೆಂದು ಅವಳನ್ನೇ ನಂಬಿಸಿ ಗುಣಪಡಿಸುತ್ತಾನೆ. ಇದು ನಿಜವಾದ ಚಿಕಿತ್ಸಾಕ್ರಮವೇನೂ ಅಲ್ಲ, ಸಿನೆಮಾದ ಚಿಕಿತ್ಸೆ. ಆದರೂ ಮೈಮೇಲೆ ಬಂದವಳನ್ನು ಬೇವಿನ ಸೊಪ್ಪಿನಿಂದ ಹೊಡೆಯಬಾರದು, ಅವಳ ಕಥೆ ಕೇಳಬೇಕು ಎಂಬಷ್ಟು ಮಾತನ್ನು ಜನಪ್ರಿಯ ಚಿತ್ರವೊಂದು ಅಷ್ಟು ಗಟ್ಟಿಯಾಗಿ ಹೇಳಿದ್ದು ಸಣ್ಣ ಸಂಗತಿಯಲ್ಲ. ಗಂಗೆಯ ಪಾತ್ರಕ್ಕಾಗಿ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ನರ್ತಕಿಯ ಪ್ರಿಯಕರನ ನೆರಳಾಗಿ ಅದರಲ್ಲಿ ಕುಣಿದವರು ನಮ್ಮ ಕನ್ನಡದ ಶ್ರೀಧರ್ ಎಂಬುದನ್ನು ಇಲ್ಲಿ ನೆನೆಯಬಹುದು.

ಕನ್ನಡಕ್ಕೆ ಅದು 2004ರ ಆಗಸ್ಟಿನಲ್ಲಿ "ಆಪ್ತಮಿತ್ರ"ವಾಗಿ ಬಂತು. ನಿರ್ಮಾಪಕರು ದ್ವಾರಕೀಶ್, ನಿರ್ದೇಶಕರು ಪಿ. ವಾಸು. ವಿಷ್ಣುವರ್ಧನ್ ವೈದ್ಯ, ಸೌಂದರ್ಯಾ ಗಂಗಾ, ರಮೇಶ್ ಅರವಿಂದ್ ಗಂಡ, ಅವಿನಾಶ್ ಆಚಾರ್ಯರು. ಮೂಲದ ಮಿತಭಾಷೆ ಇಲ್ಲಿ ಕಡಿಮೆ. ಹಾಡು, ಹೊಡೆದಾಟ, ಹಾಸ್ಯ ಧಾರಾಳ. ರಾಜನ ಪಾತ್ರವನ್ನೂ ನಾಯಕನಿಗೇ ಕೊಟ್ಟು ಅವರು ಕಥೆಯ ತೂಕವನ್ನು ಹೆಣ್ಣಿನಿಂದ ಗಂಡಿನತ್ತ ಸ್ವಲ್ಪ ಸರಿಸಿದರು. ಆದರೂ ತಿರುಳನ್ನು ಕೆಡಿಸಲಿಲ್ಲ. ಇಲ್ಲಿಯೂ ಕಾಯಿಲೆ ಕಾಯಿಲೆಯೇ. ಚಿತ್ರವು ವರ್ಷಕಾಲ ಓಡಿತು. ಮರುವರ್ಷ ಅದೇ ವಾಸುರವರು ರಜನೀಕಾಂತ್ ಅವರಿಂದ "ಚಂದ್ರಮುಖಿ"ಯನ್ನು ಮಾಡಿಸಿದರು. 2007ರಲ್ಲಿ ಪ್ರಿಯದರ್ಶನ್ ಹಿಂದಿಗೆ ಒಯ್ದರು.

ಭಾಷೆಯ ಬಗ್ಗೆ ಒಂದು ಮಾತು. ಹೆಚ್ಚಿನವರು ಇದನ್ನು ಗಮನಿಸಿದಂತಿಲ್ಲ. ಮಲೆಯಾಳ ಚಿತ್ರದ ನಾಗವಲ್ಲಿ ತಂಜಾವೂರಿನವಳು, ತಮಿಳು ನುಡಿಯುತ್ತಾಳೆ. ಕನ್ನಡದ ನಾಗವಲ್ಲಿಯ ಬಾಯಲ್ಲಿ ತೆಲುಗು. ತಮಿಳಿನ ಚಂದ್ರಮುಖಿಯೂ ಆಂಧ್ರದವಳು. ಹಿಂದಿಯ ಮಂಜುಲಿಕಾ ಬಂಗಾಳಿ. ಯಾವ ರಾಜ್ಯಕ್ಕೆ ಹೋದರೂ ಆ ನರ್ತಕಿ ಪರಭಾಷೆಯವಳೇ ಆಗಿರಬೇಕು! ದೊಡ್ಡ ಮನೆಯ ಯಜಮಾನನು ದೂರದಿಂದ ತಂದು ಕೂಡಿಹಾಕಿದ ಹೆಣ್ಣು, ತನ್ನ ಮಾತು ಯಾರಿಗೂ ತಿಳಿಯದ ಮನೆಯಲ್ಲಿ ಸತ್ತವಳು. ಮನೆಯ ಸೊಸೆಯು ಇದ್ದಕ್ಕಿದ್ದಂತೆ ಇನ್ನೊಂದು ಭಾಷೆಯಲ್ಲಿ ಮಾತಾಡತೊಡಗಿದೊಡನೆ ಪ್ರೇಕ್ಷಕರ ರೋಮ ನಿಮಿರುತ್ತದೆ. ಅವಳು ಹೇಳುತ್ತಿರುವುದು ಶಾಪವಲ್ಲ, ಅಳಲು. ಬಹುಸಂಖ್ಯರ ನಡುವೆ ತಮ್ಮ ನುಡಿಯನ್ನಾಡುವವರಿಗೆ ಈ ದೃಶ್ಯವು ಬೇರೆ ರೀತಿಯಲ್ಲಿ ತಟ್ಟಬೇಕು. ಮೊದಲ ಚಿತ್ರಗಳು ಆ ಅಳಲಿಗೆ ಕಿವಿಗೊಟ್ಟವು. ವೈದ್ಯನು ಆಕೆಯ ಭಾಷೆಯಲ್ಲೇ ಆಕೆಯನ್ನು ಒಪ್ಪಿಸಬೇಕಾಯಿತು.

ಇನ್ನು "ಆಪ್ತರಕ್ಷಕ". ವಾಸು ಅವರದೇ ಕಥೆ, ಅವರದೇ ನಿರ್ದೇಶನ. ನಾಗವಲ್ಲಿಯ ವರ್ಣಚಿತ್ರವೊಂದು ಇನ್ನೊಂದು ಮನೆಗೆ ಸೇರುತ್ತದೆ, ಆ ಮನೆಯಲ್ಲಿ ಅನಾಹುತಗಳು ಶುರುವಾಗುತ್ತವೆ, ಆಚಾರ್ಯರೂ ವೈದ್ಯರೂ ಮತ್ತೆ ಬರುತ್ತಾರೆ. ಇಷ್ಟರವರೆಗೆ ಹಳೆಯ ದಾರಿ. ಆಮೇಲೆ ಭಾರೀ ಹಾವು ಹರಿದಾಡುತ್ತದೆ. ಸತ್ತನೆಂದು ನಾವೆಲ್ಲ ನಂಬಿದ್ದ ರಾಜ ವಿಜಯ ರಾಜೇಂದ್ರ ಬಹಾದ್ದೂರನು ನೂರು ದಾಟಿದ ವಯಸ್ಸಿನಲ್ಲಿ ಇನ್ನೂ ಜೀವಂತನಾಗಿ, ಮಾಂತ್ರಿಕನಾಗಿ ಇದ್ದಾನೆಂದು ತಿಳಿಯುತ್ತದೆ. ಕೊನೆಗೆ ಸಿಡಿಲು ಬಡಿದು ಅವನ ಅಂತ್ಯ. ಮೊದಲ ಭಾಗದಲ್ಲಿ ಬೀಗ ತೆರೆದಾಗ ಒಳಗೆ ಕಂಡದ್ದು ಮನುಷ್ಯರ ಮನಸ್ಸು. ಎರಡನೆಯದರಲ್ಲಿ ಬೀಗ ತೆರೆದಾಗ ಕಂಡದ್ದು ಪವಾಡ.

ಅಭಿಮಾನಿಗಳು ಇಬ್ಭಾಗವಾದದ್ದು ಇಲ್ಲೇ. ಒಂದು ಗುಂಪಿನವರು ಹೇಳುವುದೇನೆಂದರೆ, ಇದು ಮೊದಲ ಚಿತ್ರಕ್ಕೆ ಬಗೆದ ದ್ರೋಹ. ಪ್ರೇತವಿಲ್ಲವೆಂದು ಎರಡೂವರೆ ತಾಸು ವಾದಿಸಿ ಗೆದ್ದ ವೈದ್ಯನ ಕೈಯಿಂದಲೇ ಮಂತ್ರತಂತ್ರಗಳಿಗೆ ಪ್ರಮಾಣಪತ್ರ ಬರೆಸಿದಂತಾಯಿತು. ಇನ್ನೊಂದು ಗುಂಪಿನವರು ಹೇಳುವುದು ಬೇರೆ. ಜನರು ಹೋದದ್ದು ಮನಶ್ಶಾಸ್ತ್ರದ ಪಾಠ ಕೇಳಲಿಕ್ಕಲ್ಲ, ವಿಷ್ಣುವರ್ಧನರನ್ನು ನೋಡಲಿಕ್ಕೆ. ಅದು ಅವರ 200ನೆಯ ಚಿತ್ರ. 2009ರ ಡಿಸೆಂಬರ್ 30ರಂದು ಅವರು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡು ಎರಡು ತಿಂಗಳು ತುಂಬುವ ಮೊದಲೇ, ಫೆಬ್ರವರಿ 19ರಂದು ಅದು ಬಿಡುಗಡೆಯಾಯಿತು. ತೆರೆಯ ಮೇಲೆ ಮುಪ್ಪಿನ ರಾಜನಾಗಿ ಅವರು ಗರ್ಜಿಸಿದಾಗ ಥಿಯೇಟರಿನಲ್ಲಿ ಕಣ್ಣೀರು ಹಾಕಿದವರ ಮುಂದೆ ತರ್ಕದ ಮಾತೆತ್ತುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ. ಚಿತ್ರ ಗೆದ್ದಿತು. ಮಲೆಯಾಳ ಬಲ್ಲ ನಮ್ಮವರು ವಿಷ್ಣುವರ್ಧನರನ್ನು 1992ರ "ಕೌರವರ್" ಚಿತ್ರದಲ್ಲಿ ಮಮ್ಮೂಟ್ಟಿಯವರ ಜತೆಗೂ ಕಂಡವರು. ಆ ಮಮತೆ ನಮಗೂ ಇಲ್ಲದಿಲ್ಲ. ಅಭಿನಯವನ್ನು ಮಾತ್ರ ನೋಡುವುದಾದರೆ ಎರಡನೆಯ ಗುಂಪಿನವರ ಮಾತು ಒಪ್ಪತಕ್ಕದ್ದೇ. ಕಥೆಯನ್ನು ನೋಡುವುದಾದರೆ ಮೊದಲ ಗುಂಪಿನವರ ಪಕ್ಷವನ್ನು ಹಿಡಿಯದೆ ನಿರ್ವಾಹವಿಲ್ಲ.

ಏಕೆಂದರೆ ಈ ಜಗಳವು ತೆರೆಯ ಮೇಲೆ ಮಾತ್ರ ನಿಲ್ಲಲಿಲ್ಲ. "ಆಪ್ತಮಿತ್ರ" ಬಿಡುಗಡೆಯಾಗುವ ನಾಲ್ಕು ತಿಂಗಳ ಹಿಂದೆ, 2004ರ ಏಪ್ರಿಲ್ 17ರಂದು, ಚುನಾವಣಾ ಪ್ರಚಾರಕ್ಕಾಗಿ ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸಣ್ಣ ವಿಮಾನವು ನೆಲಕ್ಕಪ್ಪಳಿಸಿ ಸೌಂದರ್ಯಾ ತೀರಿಕೊಂಡಿದ್ದರು. ಆರು ವರ್ಷ ತುಂಬುವುದರೊಳಗೆ ವಿಷ್ಣುವರ್ಧನ್. ಎರಡನ್ನೂ ಗಂಟುಹಾಕಿ, ಇದು ನಾಗವಲ್ಲಿಯ ಶಾಪ ಎಂಬ ಮಾತು ಹಬ್ಬಿತು. ನಾಗವಲ್ಲಿ ಎಂಬವಳು ಒಬ್ಬ ಕಥೆಗಾರನ ಕಲ್ಪನೆಯ ಪಾತ್ರವೆಂಬುದನ್ನೂ, ಆ ಪಾತ್ರವನ್ನು ಮೊದಲು ಮಾಡಿದ ಶೋಭನಾ ಮೂವತ್ತು ವರ್ಷ ಕಳೆದರೂ ನಾಟ್ಯವಾಡುತ್ತಲೇ ಇದ್ದಾರೆಂಬುದನ್ನೂ ಯಾರೂ ಗಣನೆಗೆ ತಂದುಕೊಳ್ಳಲಿಲ್ಲ. ಜ್ಯೋತಿಕಾ, ವಿದ್ಯಾ ಬಾಲನ್ ಇವರ ಮಾತೂ ಹಾಗೆಯೇ. ಹೃದಯಾಘಾತಕ್ಕೂ ವಿಮಾನಾಪಘಾತಕ್ಕೂ ಕಾರಣ ಹುಡುಕುವವರು ವೈದ್ಯರನ್ನೋ ತಂತ್ರಜ್ಞರನ್ನೋ ಕೇಳಬೇಕು, ಕೋಣೆಯ ಬೀಗವನ್ನಲ್ಲ. ಶಾಪವಿಲ್ಲವೆಂದು ಹೇಳಿದ ಚಿತ್ರದ ಸುತ್ತಲೇ ಶಾಪದ ಕಥೆ ಹುಟ್ಟಿಕೊಂಡಿತಲ್ಲ, ಇದಕ್ಕೇನೆನ್ನೋಣ ಮಾರಾಯರೆ!

ನೆರೆಯವರ ಪಾಡೂ ಇದೇ. 2010ರ ಕೊನೆಯಲ್ಲಿ ತೆಲುಗಿನಲ್ಲಿ ವೆಂಕಟೇಶ್ ಮತ್ತು ಮಂಗಳೂರು ಮೂಲದ ಅನುಷ್ಕಾ ಶೆಟ್ಟಿ ಅವರ "ನಾಗವಲ್ಲಿ" ಬಂತು, "ಆಪ್ತರಕ್ಷಕ"ದ ಪಡಿಯಚ್ಚು. 2023ರ "ಚಂದ್ರಮುಖಿ 2" ಚಿತ್ರದಲ್ಲಿ ರಜನೀಕಾಂತ್ ಇಲ್ಲ, ರಾಘವ ಲಾರೆನ್ಸ್ ಇದ್ದಾರೆ. ನರ್ತಕಿಯಾಗಿ ಕಂಗನಾ ರಣಾವತ್. ಹಳೆಯ ಅಭಿಮಾನಿಗಳು ಅದನ್ನು ಕೈಬಿಟ್ಟರು. ಮಲೆಯಾಳದಲ್ಲಿ ಪ್ರಿಯದರ್ಶನ್ ಮಾತ್ರ ಬೇರೆ ದಾರಿ ಹಿಡಿದರು. 2013ರ "ಗೀತಾಂಜಲಿ"ಯಲ್ಲಿ ಮನೆಯನ್ನೂ ನಾಗವಲ್ಲಿಯನ್ನೂ ಬಿಟ್ಟು ಡಾಕ್ಟರ್ ಸನ್ನಿಯನ್ನಷ್ಟೇ ಎತ್ತಿಕೊಂಡು ಥಾಯ್ ಭಾಷೆಯ "ಅಲೋನ್" ಚಿತ್ರದ ಕಥೆಗೆ ಜೋಡಿಸಿದರು. ಮೋಹನಲಾಲರ ಹಳೆಯ ನಗೆಯಿತ್ತು, ಹಳೆಯ ಬಿಗಿಯಿರಲಿಲ್ಲ. ಅದೂ ಸೋತಿತು.

ಹಿಂದಿಯವರ ಕಥೆ ಲೆಕ್ಕಾಚಾರದ್ದು. 2022ರ ಎರಡನೆಯ ಭಾಗದಲ್ಲಿ ನಿರ್ದೇಶಕ ಅನೀಸ್ ಬಜ್ಮಿ ವೈದ್ಯನನ್ನೇ ತೆಗೆದುಹಾಕಿ, ಪ್ರೇತ ಕಾಣುತ್ತದೆಂದು ಸುಳ್ಳುಹೇಳುವ ತರುಣನನ್ನು ನಾಯಕನನ್ನಾಗಿ ಮಾಡಿ, ಪ್ರೇತವನ್ನು ನಿಜ ಮಾಡಿದರು. ಹಣದ ಹೊಳೆ ಹರಿಯಿತು. ಮೂರನೆಯ ಭಾಗಕ್ಕೆ ವಿದ್ಯಾ ಬಾಲನ್ ಅವರನ್ನೂ ಮರಳಿ ಕರೆತಂದರು. 2007ರ ಚಿತ್ರದ ಮೇಲೆ ಪ್ರೀತಿಯಿದ್ದವರು ಹೆಸರನ್ನಾದರೂ ಬದಲಿಸಬಾರದಿತ್ತೇ ಎಂದರು. ಹೆಸರಿಗೇ ಅಲ್ಲವೇ ಟಿಕೆಟು ಮಾರಾಟವಾಗುವುದು!

ಇಲ್ಲಿ ನಿರ್ಮಾಪಕರನ್ನು ಮಾತ್ರ ದೂರುವುದು ಸುಲಭ. ಈ ಕಥೆಗೆ ಎರಡನೆಯ ಭಾಗವೇ ಹುಟ್ಟಲಾರದೆಂಬುದು ಅದರ ಹುಟ್ಟುಗುಣ. ಗುಣವಾದ ರೋಗಿ ಮನೆಗೆ ಹೋದಳು, ಕಥೆ ಮುಗಿಯಿತು. ಮತ್ತೆ ಶುರುಮಾಡಬೇಕಾದರೆ ಒಂದೋ ಹೊಸ ರೋಗಿ, ಹೊಸ ನೋವು ಬೇಕು. ಅದಕ್ಕೆ ಮಧು ಮುಟ್ಟಂ ಅವರಂಥ ಬರಹಗಾರ ಬೇಕು. ಇಲ್ಲವೆ ಮೊದಲು ಹೇಳಿದ್ದನ್ನು ಅಲ್ಲಗಳೆಯಬೇಕು. ಎಲ್ಲರೂ ಹಿಡಿದದ್ದು ಎರಡನೆಯ ದಾರಿ.

ತುಳುನಾಡಿನಲ್ಲಿ ಭೂತವೆಂದರೆ ಹೆದರಿಸುವ ಪಿಶಾಚಿಯಲ್ಲ, ನ್ಯಾಯ ಹೇಳುವ ದೈವ. ಮೈಮೇಲೆ ಬರುವುದಕ್ಕೂ ಇಲ್ಲಿ ಕಟ್ಟುಕಟ್ಟಳೆಯಿದೆ, ಕಾಲ ದೇಶಗಳ ನಿಯಮವಿದೆ. ಹಾಗಾಗಿ ದೈವದ ನಂಬಿಕೆಯನ್ನೂ ಮನೋರೋಗವನ್ನೂ ಬೇರೆ ಬೇರೆಯಾಗಿ ಕಾಣುವುದು ನಮ್ಮ ಹಿರಿಯರಿಗೆ ಅಷ್ಟೇನೂ ಕಷ್ಟವಾಗಲಾರದು. ಆದರೂ ಹೆರಿಗೆಯ ನಂತರ ಮಂಕಾದ ಸೊಸೆಯನ್ನೋ, ಪರೀಕ್ಷೆಯ ಹೆದರಿಕೆಯಿಂದ ನಿದ್ದೆಗೆಟ್ಟ ಮಗನನ್ನೋ ಮೊದಲು ನೂಲು ಕಟ್ಟಿಸಲು ಕರೆದೊಯ್ದು, ಆಸ್ಪತ್ರೆಗೆ ಕೊನೆಗೆ ಕರೆದೊಯ್ಯುವ ರೂಢಿ ಹೋಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸರಕಾರಿ ವ್ಯವಸ್ಥೆಯಲ್ಲಿ ಮನೋಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಹೇಳಿದೆ. ವೈದ್ಯರ ಮುಂದೆ ಮನಸ್ಸಿನ ನೋವನ್ನು ತನ್ನ ಮಾತೃಭಾಷೆಯಲ್ಲಿ ಬಿಚ್ಚಿಡಲು ಆಗದ ಕನ್ನಡದ ಅಜ್ಜಿಯಂದಿರಿಗೆ ಆ ಹಕ್ಕು ಎಷ್ಟರಮಟ್ಟಿಗೆ ದೊರೆತೀತು ಎಂಬ ಪ್ರಶ್ನೆ ಬೇರೆಯೇ ಇದೆ. ತೆಲುಗಿನಲ್ಲಿ ಅತ್ತ ನಾಗವಲ್ಲಿಗೆ ತೆಲುಗು ತಿಳಿದ ಡಾಕ್ಟರು ಸಿಕ್ಕಿದ್ದ.

"ಆಪ್ತಮಿತ್ರ"ದ ದ್ವಾರಕೀಶ್ 2024ರ ಏಪ್ರಿಲ್ 16ರಂದು ತೀರಿಕೊಂಡರು. ಸೌಂದರ್ಯಾ ತೀರಿ ಇಪ್ಪತ್ತು ವರ್ಷ ತುಂಬುವುದಕ್ಕೆ ಒಂದು ದಿನ ಬಾಕಿಯಿತ್ತು. ಅದಕ್ಕೂ ಶಾಪದ ಲೆಕ್ಕ ಹಾಕುವವರು ಇರಬಹುದು. ಅವರಿಗಾಗ 81 ವರ್ಷ ವಯಸ್ಸಾಗಿತ್ತು.