ಎಣಿಸದ ಹದ್ದಿಗೆ ಸಾಕ್ಷಿ ಯಾರು?

‘ಹಕ್ಕಿ ಎಣಿಸಿದರೆ ಹೊಟ್ಟೆ ತುಂಬೀತೆ?’ ಎಂಬ ಪ್ರಶ್ನೆ ನಮ್ಮ ಹಳ್ಳಿಗಳಲ್ಲಿ ಹೊಸತಲ್ಲ. ಗದ್ದೆಯ ಕೊಯ್ಲೂ ಅಡಕೆಯ ಕೊಯ್ಲೂ ಒಟ್ಟಾಗಿ ಬರುವ ಕಾರ್ತಿಕ ಮಾಸದಲ್ಲಿ ಗುಡ್ಡದ ನೆತ್ತಿಯ ಮೇಲೆ ಕುಳಿತು ಆಕಾಶ ನೋಡುವವನನ್ನು ಜನರು ಕೆಲಸವಿಲ್ಲದವನೆಂದೇ ತಿಳಿಯುತ್ತಾರೆ. ಇನ್ನೊಂದು ಆಕ್ಷೇಪ ನಮ್ಮ ಚಳವಳಿಯ ಒಳಗಿನಿಂದಲೇ ಬರುತ್ತದೆ: ಕಾಡು ಕಡಿಯುತ್ತಿರುವಾಗ, ಗುಡ್ಡ ಅಗೆಯುತ್ತಿರುವಾಗ ಬೇಕಾದದ್ದು ಹೋರಾಟ, ಲೆಕ್ಕ ಬರೆಯುವುದು ದುರ್ಬೀನು ಉಳ್ಳ ಪೇಟೆಯವರ ಹವ್ಯಾಸ. ಈ ಎರಡೂ ಮಾತುಗಳನ್ನು ಒಪ್ಪಲಾಗದು. ಎಣಿಕೆಯು ಹೋರಾಟಕ್ಕೆ ಬದಲಿಯಲ್ಲ, ಹೋರಾಟಕ್ಕೆ ಬೇಕಾದ ಸಾಕ್ಷ್ಯ. ಅದನ್ನು ಮೊದಲೇ ಬರೆದಿಟ್ಟಿರಬೇಕು. ಹಾನಿಯಾದ ಮೇಲೆ ಸೃಷ್ಟಿಸಲು ಬರುವುದಿಲ್ಲ.

ಮುಂಗಾರು ಹಿಂದೆ ಸರಿದು ಆಕಾಶ ತಿಳಿಯಾದ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಉತ್ತರದ ಚಳಿನಾಡುಗಳಿಂದ ಸೆಳೆವಗಳೂ ಚಾಣಗಳೂ ಹದ್ದುಗಳೂ ದಕ್ಷಿಣಕ್ಕೆ ಬರುತ್ತವೆ. ದೊಡ್ಡ ರೆಕ್ಕೆಯ ಹಕ್ಕಿಗೆ ರೆಕ್ಕೆ ಬಡಿಯುತ್ತ ಸಾವಿರಾರು ಕಿಲೋಮೀಟರು ಸಾಗುವುದು ದುಬಾರಿ. ಬಿಸಿಲೇರಿದಾಗ ನೆಲದಿಂದ ಮೇಲೇಳುವ ಬಿಸಿಗಾಳಿಯನ್ನೂ, ಗುಡ್ಡದ ಇಳಿಜಾರಿಗೆ ಬಡಿದು ಮೇಲಕ್ಕೆ ಹೊರಳುವ ಗಾಳಿಯನ್ನೂ ಅವು ಏಣಿಯಂತೆ ಬಳಸುತ್ತವೆ. ಆದುದರಿಂದಲೇ ಪರ್ವತದ ಏಣುಗಳು ಬೇಟೆಹಕ್ಕಿಗಳ ಹೆದ್ದಾರಿಗಳಾಗಿವೆ. ಆ ಏಣುಗಳ ಬುಡದಲ್ಲಿ ಬದುಕುವವರು ನಾವು. ಈ ಎಣಿಕೆಗೆ ನಮಗಿಂತ ಯೋಗ್ಯರು ಯಾರು?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಎಂಬ ಗುಡ್ಡವಿದೆ. ವಲಸೆಯ ಕಾಲದಲ್ಲಿ ಅಲ್ಲಿ ಗಿಡುಗಗಳನ್ನು ಗುಂಡಿಟ್ಟು ಕೆಡಹುವುದು ಮೋಜಿನ ಆಟವಾಗಿತ್ತು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಆ ಗುಡ್ಡವನ್ನು ಗೇಣಿಗೆ ಪಡೆದು ಬೇಟೆ ನಿಲ್ಲಿಸಿದರು. ಅವರು ಕಾವಲಿಗೆ ನೇಮಿಸಿದ ಮಾರಿಸ್ ಬ್ರೌನ್ ಹಾದುಹೋಗುವ ಹಕ್ಕಿಗಳ ಲೆಕ್ಕ ಬರೆಯತೊಡಗಿದರು. 1935ರಿಂದ 39ರವರೆಗೆ ಅಲ್ಲಿ ಕಂಡ ಬೋಳುತಲೆಯ ಹದ್ದುಗಳಲ್ಲಿ ಶೇಕಡಾ 40 ಎಳೆಯವಾಗಿದ್ದವು. 1955ರಿಂದ 59ರ ಅವಧಿಯಲ್ಲಿ ಅವುಗಳ ಪಾಲು ಶೇಕಡಾ 20ಕ್ಕೆ ಇಳಿದಿತ್ತು. ಹದ್ದುಗಳು ಬದುಕಿದ್ದವು, ಮರಿಗಳು ಉಳಿಯುತ್ತಿರಲಿಲ್ಲ. ಕೀಟನಾಶಕಗಳ ವಿರುದ್ಧ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಬರೆದ ರೇಚಲ್ ಕಾರ್ಸನ್ ಈ ಅಂಕಿಗಳನ್ನೇ ಮುಂದಿಟ್ಟರು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಗಮನಿಸಬೇಕಾದದ್ದು ಇದು: ಮೊದಲ ಲೆಕ್ಕ ಬರೆದಾಗ ಡಿಡಿಟಿ ಹೊಲಗಳಿಗೆ ಕಾಲಿಟ್ಟಿರಲೇ ಇಲ್ಲ. ಮುಂದೆ ಯಾವ ವಿಷದ ಮೇಲೆ ಸಾಕ್ಷಿ ನುಡಿಯಬೇಕಾದೀತು ಎಂಬುದನ್ನು ತಿಳಿಯದೆಯೇ ಆ ಕಾವಲುಗಾರ ಸಾಕ್ಷ್ಯವನ್ನು ಸಿದ್ಧಪಡಿಸಿಟ್ಟಿದ್ದ.

ನಮ್ಮ ದೇಶದ ರಣಹದ್ದುಗಳ ಕಥೆಯೂ ಇದೇ. 1991ರಿಂದ 93ರವರೆಗೆ ರಸ್ತೆಗಳುದ್ದಕ್ಕೂ ಬೇಟೆಹಕ್ಕಿಗಳ ಎಣಿಕೆ ನಡೆದಿತ್ತು. 2000ದಲ್ಲಿ ಆ ಮಾರ್ಗಗಳಲ್ಲಿ ಮತ್ತೆ ಎಣಿಸಿದಾಗ ರಣಹದ್ದುಗಳು ಶೇಕಡಾ 90ಕ್ಕೂ ಹೆಚ್ಚು ಕುಸಿದಿದ್ದವು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ನೋವುನಿವಾರಕವೇ ಕಾರಣವೆಂದು 2004ರಲ್ಲಿ ಸಿದ್ಧವಾಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಗೆ ತಡೆ ಬಿತ್ತು. ಹಳೆಯ ಎಣಿಕೆ ಇರದಿದ್ದರೆ ‘ಮೊದಲು ಬಹಳ ಇದ್ದವು’ ಎಂಬ ಹಿರಿಯರ ಮಾತಷ್ಟೇ ಉಳಿಯುತ್ತಿತ್ತು. ಹಿರಿಯರ ಮಾತು ಸತ್ಯವೇ. ಆದರೆ ಕಚೇರಿಗಳ ಮೇಜಿನ ಮೇಲೆ ಅದಕ್ಕೆ ಬೆಲೆ ಸಿಕ್ಕಿದ್ದನ್ನು ಯಾರು ಕಂಡಿದ್ದಾರೆ?

ಗುಡ್ಡಗಾಡಿನ ಜನ ಲೆಕ್ಕಕ್ಕೆ ಓಗೊಟ್ಟ ನಿದರ್ಶನವೂ ಇದೆ. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ, ವಲಸೆ ಬಂದ ಅಮೂರ್ ಚಾಣಗಳನ್ನು ಬಲೆಯೊಡ್ಡಿ ಹಿಡಿಯಲಾಗುತ್ತಿತ್ತು. ದಿನಕ್ಕೆ 12,000ದಿಂದ 14,000 ಹಕ್ಕಿಗಳು ಸಾಯುತ್ತಿವೆ ಎಂಬ ಅಂದಾಜು ಹೊರಬಿದ್ದಾಗ ದೇಶವೇ ಬೆಚ್ಚಿತು. ಮರುವರ್ಷವೇ ಅಲ್ಲಿನ ಗ್ರಾಮಸಭೆಗಳು ಬೇಟೆಯನ್ನು ನಿಲ್ಲಿಸಿದವು. ಬಲೆಯಿಂದ ಉಳಿದ ಆ ಚಾಣಗಳು ನಮ್ಮ ದೇಶವನ್ನು ಹಾದು, ಅರಬ್ಬೀ ಸಮುದ್ರವನ್ನು ದಾಟಿ, ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತವೆ. ನಾಗಾ ರೈತ ಬಿಟ್ಟುಕೊಟ್ಟ ಹಕ್ಕಿ ನಮ್ಮ ಘಟ್ಟದ ಮೇಲೆ ಹಾರುವಾಗ ಅದನ್ನು ಕಾಣುವವರೂ ಇಲ್ಲವೆಂದರೆ ಏನೆನ್ನಬೇಕು?

ಈಗ ನಮ್ಮ ಗುಡ್ಡಗಳಿಗೆ ಬರೋಣ. ಘಟ್ಟದ ಬೋಳು ನೆತ್ತಿಗಳೂ ಬೆಣಗಳೂ ಸರ್ಕಾರಿ ಕಡತಗಳಲ್ಲಿ ಬಹುಕಾಲ ಪಾಳುಭೂಮಿ ಎನಿಸಿಕೊಂಡವು. ಅಲ್ಲಿ ಅಕೇಶಿಯಾ ನೆಟ್ಟು ಹಸಿರು ಮಾಡಿದೆವೆಂದು ಬೀಗಿದ್ದಾಯಿತು. ಮಿಡತೆ, ಇಲಿಗಳನ್ನು ಹಿಡಿದು ಚಳಿಗಾಲ ಕಳೆಯುವ ಸೆಳೆವಗಳು ರಾತ್ರಿ ತಂಗುವುದು ಹುಲ್ಲಿನ ನಡುವೆ ನೆಲದ ಮೇಲೆಯೇ. ನೆಡುತೋಪಿನಡಿ ಹುಲ್ಲು ಸತ್ತರೆ ಅವು ಎಲ್ಲಿಗೆ ಹೋಗಬೇಕು? ಎಷ್ಟು ಹೋದವು ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಯಾರೂ ಎಣಿಸಿರಲಿಲ್ಲ.

ಗಾಳಿಯಂತ್ರಗಳ ವಿಚಾರವೂ ಹಾಗೆಯೇ. ಹಕ್ಕಿಗೆ ಬೇಕಾದ ಗಾಳಿಯೇ ಕಂಪನಿಗೂ ಬೇಕು. ಇಬ್ಬರ ಕಣ್ಣೂ ಒಂದೇ ಏಣಿನ ಮೇಲೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಲ್ಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಯಂತ್ರಗಳಿರುವ ಜಾಗದಲ್ಲಿ ಬೇಟೆಹಕ್ಕಿಗಳು ಯಂತ್ರಗಳಿಲ್ಲದ ಜಾಗಕ್ಕಿಂತ ಸುಮಾರು ನಾಲ್ಕು ಪಟ್ಟು ಕಡಿಮೆ; ಅವುಗಳ ಭಯ ತಪ್ಪಿದ ಹಲ್ಲಿಗಳ ಸಂಖ್ಯೆ ಏರಿದೆ. ಆದರೂ 2006ರ ಪರಿಸರ ಪರಿಣಾಮ ಅಧಿಸೂಚನೆ ಹೊರಬಂದಾಗ ಅದರ ಪಟ್ಟಿಯಲ್ಲಿ ಗಾಳಿಯಂತ್ರಗಳಿಗೆ ಸ್ಥಾನವೇ ಇರಲಿಲ್ಲ. ಗಾಳಿ ವಿದ್ಯುತ್ತೇ ಬೇಡವೆಂದು ನಾವು ಹೇಳುತ್ತಿಲ್ಲ. ಯಾವ ಗುಡ್ಡಕ್ಕೆ ಬರಬಹುದು, ಯಾವುದಕ್ಕೆ ಬರಬಾರದು ಎಂದು ನಿರ್ಧರಿಸುವ ಆಧಾರ ಎಲ್ಲಿದೆ ಎಂದು ಕೇಳುತ್ತಿದ್ದೇವೆ. ಕಂಪನಿಯ ಸಲಹೆಗಾರರು ನಾಲ್ಕು ದಿನ ಬಂದು ‘ಗಮನಾರ್ಹ ಪಕ್ಷಿಗಳಿಲ್ಲ’ ಎಂದು ಬರೆದರೆ, ಅಲ್ಲವೆನ್ನಲು ನಮ್ಮ ಕೈಯಲ್ಲಿ ಏನಿದೆ?

ಎಣಿಕೆಗೆ ಬೇಕಾದ ಪದವಿ ತಾಳ್ಮೆಯೊಂದೇ. ಸುತ್ತಲೂ ನೋಟ ತೆರೆದ ಒಂದು ನೆತ್ತಿಯನ್ನು ಆರಿಸಿ, ಪ್ರತಿವರ್ಷ ಅಲ್ಲಿಯೇ, ಅದೇ ದಿನಗಳಲ್ಲಿ, ಅದೇ ಹೊತ್ತಿನಲ್ಲಿ ಕುಳಿತುಕೊಳ್ಳಬೇಕು. ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಗಂಟೆಗೊಮ್ಮೆ ಗಾಳಿ, ಮೋಡ, ಹಕ್ಕಿಗಳ ಸಂಖ್ಯೆ ಮೂರನ್ನೂ ಬರೆಯಬೇಕು. ಸುತ್ತುತ್ತ ಮೇಲೇರುವ ಗುಂಪನ್ನು ಆಗಲೇ ಎಣಿಸಬಾರದು. ಅವು ಮೇಲಿನಿಂದ ಒಂದೊಂದಾಗಿ ಜಾರಿ ಹೊರಟಾಗ ಎಣಿಸಬೇಕು. ಗುರುತು ಸಿಗದಿದ್ದರೆ ‘ಗುರುತು ಸಿಗದ ಹದ್ದು’ ಎಂದೇ ಬರೆಯಬೇಕು, ಊಹಿಸಿ ಹೆಸರಿಡಬಾರದು. ಒಂದೂ ಬಾರದ ದಿನ ಸೊನ್ನೆಯನ್ನು ಬರೆಯಲೇಬೇಕು. ಅಪರೂಪದ ಹಕ್ಕಿಯ ಒಂದು ಚಿತ್ರಕ್ಕಿಂತ ಹತ್ತು ವರ್ಷದ ಪ್ರಾಮಾಣಿಕ ಸೊನ್ನೆಗಳು ಚಳವಳಿಗೆ ಹೆಚ್ಚು ಉಪಯುಕ್ತ. ಬೆಣಗಳಿರುವ ಊರಿನವರು ಸಂಜೆ ಹುಲ್ಲಿಗಿಳಿಯುವ ಸೆಳೆವಗಳನ್ನು ದೂರದಿಂದಲೇ, ಅವುಗಳನ್ನು ಎಬ್ಬಿಸದೆ ಎಣಿಸಬಹುದು.

ಹೀಗೆ ಬರೆದ ಲೆಕ್ಕ ನೋಟುಪುಸ್ತಕದಲ್ಲಿ ಕೊಳೆಯಬಾರದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಎಷ್ಟೋ ಕಡೆ ಸಮಿತಿ ಕಾಗದದ ಮೇಲಿದೆ, ದಾಖಲಾತಿ ಬೀರುವಿನಲ್ಲಿದೆ. ನಮ್ಮ ಎಣಿಕೆಯನ್ನು ಅದರಲ್ಲಿ ಸೇರಿಸಿರೆಂದು ಲಿಖಿತವಾಗಿ ಕೇಳೋಣ, ಸ್ವೀಕೃತಿ ಪಡೆಯೋಣ, ಗ್ರಾಮಸಭೆಯಲ್ಲಿ ಓದಿಸೋಣ. ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಒಂದೊಂದು ನೆತ್ತಿಯನ್ನು ವಹಿಸಿಕೊಳ್ಳಲಿ. ಹಕ್ಕಿಯ ಹೆಸರು ಬಲ್ಲ ದನಗಾಹಿಗಳೂ ಹಿರಿಯರೂ ಅವರ ಜೊತೆ ಕೂರಲಿ.

ಈ ಕಾರ್ತಿಕದಲ್ಲಿ ನಾವು ಬರೆಯದ ಅಂಕಿಯನ್ನು ಮುಂದಿನ ಯಾವ ಕಾರ್ತಿಕದಲ್ಲೂ ಬರೆಯಲು ಬರುವುದಿಲ್ಲ. ಯಂತ್ರ, ರಸ್ತೆ, ಗಣಿ ಯಾವುದೇ ಬರಲಿ, ಅದಕ್ಕೆ ಮೊದಲು ನಮ್ಮ ಲೆಕ್ಕ ಅಲ್ಲಿರಬೇಕು. ಕೊಯ್ಲಿನ ನಡುವೆ ವಾರಕ್ಕೊಂದು ದಿನ ಬಿಡುವು ಮಾಡಿಕೊಳ್ಳಿ. ಗುಡ್ಡ ಹತ್ತಿ, ಎಣಿಸಿ, ಬರೆದಿಡಿ.